ದೀಪ ಹಚ್ಚುವ ಹೊತ್ತಿಗೆ ಬೀಳುವ ಯಂತ್ರ

೧೯೮೮ರ ಮೇ ಹನ್ನೊಂದು, ಬುಧವಾರ. ರಾಯಚೂರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿ ಇರಲಿಲ್ಲ, ಮೋಡವೂ ಇರಲಿಲ್ಲ.

ಕೆಲವರಿಗೆ ಎಲ್ಲಿ ಹೋದರೂ ಪರಿಚಯದವರು ಸಿಗುತ್ತಾರೆ. ನನಗೆ ಎಲ್ಲಿ ಹೋದರೂ ಇಂಥ ಪ್ರಸಂಗಗಳು ಸಿಗುತ್ತವೆ. ನಾನು ಹೆಚ್ಚು ಮಾತಾಡುವವನಲ್ಲ, ಯಾರ ತಂಟೆಗೂ ಹೋಗುವವನಲ್ಲ. ಆದರೂ ಊರು ನಗುವಂಥದ್ದೇನಾದರೂ ಆ ಊರಿಗೆ ಬರಬೇಕಾಗಿದ್ದರೆ ಅದು ದಾರಿ ಕೇಳಿಕೊಂಡು ನನ್ನ ಮೇಜಿಗೇ ಬರುತ್ತದೆ. ಆ ಬುಧವಾರ ಬಂದದ್ದು ಕಂಪ್ಯೂಟರು.

೧. ಹಿಂದಿನ ಕೋಣೆ

ನಾನು ಆಗ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತ. ಅದಕ್ಕೆ ಮೊದಲು ಆ ಮಿಲ್ಲಿನ ಸಾವಕಾರರ ದೇವದುರ್ಗದ ಖರೀದಿ ಅಂಗಡಿಯಲ್ಲಿ ಬಹಳ ವರ್ಷ ಇದ್ದೆ. ಹತ್ತಿ ಬರುವ ಕಾಲದಲ್ಲಿ ಅಲ್ಲಿ ಬಂಡಿಗಳ ಸಾಲು ನಿಲ್ಲುತ್ತಿತ್ತು. ಉಳಿದ ಕಾಲದಲ್ಲಿ ನಾನು ಮತ್ತು ತಕ್ಕಡಿ. ನನಗೆ ಮದುವೆಯಾಗಿಲ್ಲ. ಓದುವ ಚಟವೊಂದಿದೆ. ದೇವದುರ್ಗದಲ್ಲಿ ಕೈಯಲ್ಲಿದ್ದ ಪುಸ್ತಕ ಮುಗಿದರೆ ಅದನ್ನೇ ಮತ್ತೆ ಮೊದಲಿನಿಂದ ಓದಬೇಕಾಗುತ್ತಿತ್ತು. ಒಂದು ಕಾದಂಬರಿಯನ್ನು ಎಷ್ಟು ಸಲ ಓದಿದ್ದೆನೆಂದರೆ, ಕೊನೆಯಲ್ಲಿ ಸಾಯುವವನು ಈ ಸಲವಾದರೂ ಉಳಿದುಕೊಂಡಾನೇನೋ ಎಂದು ಕಾಯುತ್ತಿದ್ದೆ.

ರಾಯಚೂರಿಗೆ ಬಂದ ಮೇಲೆ ಗ್ರಂಥಾಲಯ ಸಿಕ್ಕಿತು. ಸಂಜೆ ಮಿಲ್ಲು ಬಿಟ್ಟವನು ನೇರ ಅಲ್ಲಿಗೇ ಹೋಗುತ್ತಿದ್ದೆ. ‘ಮಾತನಾಡಬಾರದು’ ಎಂದು ಗೋಡೆಯ ಮೇಲೆ ಬೋರ್ಡು ಹಾಕಿದ್ದರು. ಅದು ನನಗೆ ಹೇಳಿ ಮಾಡಿಸಿದಂತಿತ್ತು. ಒಬ್ಬನೇ ಸುಮ್ಮನೆ ಕೂಡುವುದಕ್ಕೂ ಹತ್ತು ಜನರ ನಡುವೆ ಸುಮ್ಮನೆ ಕೂಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ದೇವದುರ್ಗದಲ್ಲಿ ಇದ್ದು ಬಂದವನಿಗೆ ಗೊತ್ತು. ಅಲ್ಲಿ ಯಾರಾದರೂ ಕೈಚಾಚಿ ಸನ್ನೆಯಲ್ಲೇ ಪೇಪರಿನ ಒಳಹಾಳೆ ಕೇಳುತ್ತಿದ್ದರು. ನಾನು ಕೊಡುತ್ತಿದ್ದೆ. ಆ ದಿನದ ವ್ಯವಹಾರ ನನಗೆ ಅಷ್ಟು ಸಾಕಾಗುತ್ತಿತ್ತು.

ಇಂಗ್ಲಿಷ್ ಟೈಪಿಂಗ್ ಬರುತ್ತದೆಂದು ಸಾವಕಾರರು ಕಂಪ್ಯೂಟರನ್ನು ನನಗೆ ಒಪ್ಪಿಸಿದರು. ಮೊದಲು ಅದಕ್ಕೆ ಕುಂಕುಮ ಹಚ್ಚಿದರು. ಕಾಯಿ ಒಡೆದರು. ಕಾಯಿಯ ನೀರು ಕೀಲಿಗಳ ಮೇಲೆ ಬೀಳದ ಹಾಗೆ ನಾನು ಅಂಗೈ ಒಡ್ಡಿ ನಿಂತಿದ್ದೆ. ಆಮೇಲೆ ಅವರು ನನ್ನ ಕಡೆ ತಿರುಗಿ ಹೇಳಿದರು:

“ದೀಪಾವಳಿಗೆ ಇದರ ಮುಂದ ಲಕ್ಷ್ಮೀ ಪೂಜಿ ಮಾಡಬೇಕಂತೀನಿ. ಅಷ್ಟ್ರೊಳಗ ಇದು ನೆಟ್ಟಗ ನಡೀಬೇಕು. ನಡದ್ರ ನೀವು ಇಲ್ಲೇ. ಇಲ್ಲಂದ್ರ ಇದು ಹೈದರಾಬಾದಿಗೆ, ನೀವು ದೇವದುರ್ಗಕ್ಕ.”

ಯಂತ್ರಕ್ಕೆ ತಂಪು ಬೇಕು, ಧೂಳು ಬರಬಾರದು ಎಂದು ಸಾವಕಾರರು ಕೂತು ವ್ಯಾಪಾರ ನೋಡುವ ಗಾದಿಯ ಹಿಂದಿದ್ದ, ಹತ್ತಿಯ ಮಾದರಿ ಇಡುವ ಕೋಣೆಯನ್ನು ಖಾಲಿ ಮಾಡಿ ಏಸಿ ಹಾಕಿಸಿದ್ದರು. ಮಿಲ್ಲಿನಲ್ಲಿ ತಂಪಾದ ಜಾಗವೆಂದರೆ ಅದೊಂದೇ. ಮೊದಲ ವಾರ ಯಂತ್ರ ನೋಡುವ ನೆಪದಲ್ಲಿ ಎಲ್ಲರೂ ಬಂದು ಕೂತರು. ಯಂತ್ರಕ್ಕೆ ತೊಂದರೆಯಾಗುತ್ತದೆ, ಉಸಿರು ಕಡಿಮೆ ಬಿಡ್ರಿ ಎಂದು ಅವರಿಗೆ ಹೇಳುವ ಕೆಲಸವೂ ನನಗೇ ಬಂತು.

೨. ಮುಂಜಾನೆಯ ಸಮಾಚಾರ

ಯಂತ್ರ ದಿನವಿಡೀ ಕತ್ತೆಯಂತೆ ದುಡಿಯುತ್ತಿತ್ತು. ತೊಂದರೆ ಇದ್ದದ್ದು ಬಂದ್ ಮಾಡುವಾಗ.

ಲೆಕ್ಕದ ಪ್ರೋಗ್ರಾಮನ್ನು ಹೈದರಾಬಾದಿನ ಒಬ್ಬ ಇಂಜಿನಿಯರು ಬರೆದುಕೊಟ್ಟಿದ್ದ. ಅದರ ರೀತಿ ಹೀಗೆ: ಹಗಲೆಲ್ಲ ನಾವು ಹಾಕಿದ ಲೆಕ್ಕವನ್ನು ಅದು ಒಂದು ಕಡೆ ಗುಡ್ಡೆ ಹಾಕಿಕೊಂಡಿರುತ್ತದೆ. ಸಂಜೆ ಮುಚ್ಚುವ ಕೀಲಿ ಒತ್ತಿದರೆ ‘ಪ್ಲೀಸ್ ವೇಟ್’ ಎಂದು ತೋರಿಸಿ, ಆ ಗುಡ್ಡೆಯನ್ನು ವಿಂಗಡಿಸಿ ಒಳಗೆ ಇಟ್ಟುಕೊಂಡು, ಆಮೇಲೆ ಮುಗಿಯುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಬೇಕು. ಮುಂದೆ ಯಾರೂ ಕೂಡಬೇಕಾಗಿಲ್ಲ, ಕೂತರೂ ಅದಕ್ಕೆ ಗೊತ್ತಾಗುವುದಿಲ್ಲ ಎಂದು ಇಂಜಿನಿಯರು ಹೇಳಿದ್ದ.

ನಮಗೂ ಅದೇ ಬೇಕಾಗಿತ್ತು. ನಮ್ಮ ಮಿಲ್ಲಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮುಂದಿನ ಗಾದಿಯ ಹತ್ತಿರ ಬರಬೇಕು. ಸಾವಕಾರರು ಲಕ್ಷ್ಮಿಯ ಫೋಟೋಕ್ಕೆ ಆರತಿ ಎತ್ತುತ್ತಾರೆ, ಎಡಗೈಯಲ್ಲಿ ಗಂಟೆ. ಆರತಿ ಆದ ಮೇಲೆ ಯಾರೂ ಹಿಂದಿನ ಕೋಣೆಗಳಿಗೆ ಹೋಗುವಂತಿಲ್ಲ. ಹೋದರೆ ಮುಂಬಾಗಿಲಿನಿಂದ ಬಂದ ಲಕ್ಷ್ಮಿಗೆ ಹಿಂಬಾಗಿಲು ತೋರಿಸಿದಂತೆ. ಮಿಲ್ಲಿನ ಹಳೆಯ ಲೆಕ್ಕಿಗರಾದ ಮುನೀಮರು ನಡುವಿನ ಬಾಗಿಲಿಗೆ ಬೀಗ ಹಾಕಿಬಿಡುತ್ತಾರೆ. ಹಾಗಾಗಿ ನಾನು ಮುಚ್ಚುವ ಕೀಲಿ ಒತ್ತಿ, ‘ಪ್ಲೀಸ್ ವೇಟ್’ ಬಂದದ್ದು ನೋಡಿ, ಮುಂದೆ ಬಂದು ಕೈ ಮುಗಿದು ನಿಲ್ಲುತ್ತಿದ್ದೆ. ಕೋಣೆಯ ಕರೆಂಟು ಹಿಂದಿನ ಗೋದಾಮಿನ ಲೈನಿನದು. ಎಲ್ಲ ಮುಗಿದ ಮೇಲೆ ಆ ಲೈನಿನ ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸಿ ಕರೆಂಟು ತೆಗೆಯುವುದು ವಾಚಮನ್‌ರ ಕೆಲಸ.

ಮರುದಿನ ಬೆಳಿಗ್ಗೆ ಯಂತ್ರ ಹಚ್ಚಿದರೆ ಪ್ರೋಗ್ರಾಮು ಎದ್ದು, ಎರಡು ಸಾಲು ಇಂಗ್ಲಿಷ್ ತೋರಿಸಿ, ಬೀಳುತ್ತಿತ್ತು. ಹಿಂದಿನ ದಿನದ ಲೆಕ್ಕವೆಲ್ಲ ಮಾಯ. ದಿನಾ ಅಲ್ಲದಿದ್ದರೂ ಹೆಚ್ಚು ಕಡಿಮೆ ದಿನಾ. ಆಗ ನಾನು ಮುನೀಮರ ಕೆಂಪು ಬಟ್ಟೆಯ ಖಾತೆ ಪುಸ್ತಕ ಬೇಡಿ ತಂದು, ಅದನ್ನು ನೋಡಿ ನಿನ್ನೆಯದನ್ನೆಲ್ಲ ಮತ್ತೆ ಹಾಕಬೇಕು.

ಮುನೀಮರು ವಯಸ್ಸಾದವರು. ಯಂತ್ರ ಬಂದ ದಿನ ಅವರು ಊಟ ಮಾಡಿರಲಿಲ್ಲವಂತೆ. ಅದು ಬೀಳಲು ಶುರುವಾದ ಮೇಲೆ ಅವರ ಮುಖಕ್ಕೆ ಕಳೆ ಬಂತು. ಬೆಳಿಗ್ಗೆ ನನಗಿಂತ ಮೊದಲೇ ಬಂದು ಕೋಣೆಯ ಬಾಗಿಲಲ್ಲಿ ನಿಂತು, ಆಸ್ಪತ್ರೆಗೆ ನೋಡಲು ಬಂದವರ ದನಿಯಲ್ಲಿ ವಿಚಾರಿಸುತ್ತಿದ್ದರು. ಬಿದ್ದಿದೆ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ಒಂದು ದಿನ ನಾನು ಬೇಸರದಲ್ಲಿ, ನಿಮ್ಮ ಪುಸ್ತಕ ಯಾವತ್ತೂ ಬಿದ್ದಿಲ್ಲವೇ ಎಂದು ಕೇಳಿದೆ.

“ಬಿದ್ದದಲ್ರಿ,” ಅಂದರು. “ಎತ್ತಿ ಇಟ್ಟೆ.”

೩. ಹೈದರಾಬಾದಿನ ವೈದ್ಯ

ಟ್ರಂಕ್ ಕಾಲ್ ಮಾಡಿ ಇಂಜಿನಿಯರನ್ನು ಕರೆಸಿದರು. ತೆಲುಗು ಹುಡುಗ, ಕನ್ನಡ ಅರ್ಧ ಬರುತ್ತಿತ್ತು. ಬೆಳಗಿನ ಗಾಡಿಗೆ ಬಂದವನು ಚಹಾ ಕೂಡ ಕುಡಿಯದೆ ಯಂತ್ರದ ಮುಂದೆ ಕೂತ. ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ, ಮತ್ತೆ ತೆಗೆದ. ಒಂದು ಸಲವೂ ಬೀಳಲಿಲ್ಲ. ವೈದ್ಯರು ಬಂದ ಕೂಡಲೇ ಜ್ವರ ಬಿಡುವ ಮಕ್ಕಳ ಹಾಗೆ ಅದು ವಿನಯದಿಂದ ನಡೆದುಕೊಂಡಿತು. ಮಧ್ಯಾಹ್ನದ ಗಾಡಿಗೆ ಅವನು ಹೊರಟುಹೋದ. ಮರುದಿನ ಬೆಳಿಗ್ಗೆ ಬಿದ್ದಿತ್ತು.

ಎರಡನೆಯ ಸಲ ಬಂದಾಗ ನಾನೇ ಅವನನ್ನು ಬೇಡಿಕೊಂಡೆ: ಒಂದು ಸಂಜೆ ಇದ್ದು ನೋಡಿ ಹೋಗಪ್ಪ, ನನಗೆ ದೇವದುರ್ಗ ಕಾಣುತ್ತಿದೆ. ಅವನು ದೇವದುರ್ಗ ನೋಡಿರಲಿಲ್ಲ, ಆದರೂ ನನ್ನ ಮುಖ ನೋಡಿ ಒಪ್ಪಿದ. ಸಂಜೆ ಯಂತ್ರದ ಮುಂದೆ ಕೂತು, ಮುಚ್ಚುವ ಕೀಲಿ ತಾನೇ ಒತ್ತಿದ. ‘ಪ್ಲೀಸ್ ವೇಟ್’ ಬಂತು. ಅಷ್ಟರಲ್ಲಿ ಸಾವಕಾರರೇ ಕೋಣೆಯ ಬಾಗಿಲಿಗೆ ಬಂದರು. ದೂರದಿಂದ ಬಂದ ಅತಿಥಿ, ದೀಪದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಕೂಡುವುದೆಂದರೇನು? ಕೈ ಹಿಡಿದು ಕರೆದುಕೊಂಡು ಹೋಗಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಹೂವಿನ ತಟ್ಟೆ ಕೊಟ್ಟರು. ಆರತಿ ಆಯಿತು. ಪೇಡೆ ಕೊಟ್ಟರು. ನಡುವಿನ ಬಾಗಿಲಿಗೆ ಬೀಗ ಬಿತ್ತು.

ಬೆಳಿಗ್ಗೆ ಬಿದ್ದಿತ್ತು. ಅವನು ಇಡೀ ದಿನ ಒಳಗೆಲ್ಲ ಬಿಚ್ಚಿ ನೋಡಿ, ಕೊನೆಗೆ ಗಾದಿಯ ಮುಂದೆ ಬಂದು, ಯಂತ್ರದಲ್ಲಿ ದೋಷವಿಲ್ಲ, ಪ್ರೋಗ್ರಾಮಿನಲ್ಲೂ ದೋಷವಿಲ್ಲ ಎಂದ. ಸಾವಕಾರರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನಮ್ಮನ್ನೆಲ್ಲ ಒಮ್ಮೆ ನೋಡಿದರು.

“ಹಂಗಾರ ನಮ್ಮೊಳಗ ಯಾರೊಳಗ ಅದರಿ?” ಎಂದು ಕೇಳಿದರು.

೪. ಸಾವಕಾರರ ವನವಾಸ

ಅದನ್ನು ಕಂಡುಹಿಡಿದವರು ಮುನೀಮರು. ಸಾವಕಾರರು ಒಂದು ಮದುವೆಗೆಂದು ಮಾನ್ವಿಗೆ ಹೋಗಿ ಅಲ್ಲಿಯೇ ಉಳಿದರು. ಅಷ್ಟು ದಿನವೂ ಯಂತ್ರ ಬೀಳಲಿಲ್ಲ. ಬಂದರು, ಬಿತ್ತು. ಹೊಲ ನೋಡಲು ಕುರ್ಡಿಗೆ ಹೋಗಿ ಇದ್ದರು. ಬೀಳಲಿಲ್ಲ. ಬಂದರು, ಬಿತ್ತು.

ಇದನ್ನು ಸಾವಕಾರರಿಗೆ ಹೇಳುವವರು ಯಾರು? ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆಲವು ದಿನ ಕಳೆದೆವು. ಕೊನೆಗೆ ಮುನೀಮರೇ, ತಮ್ಮ ವಯಸ್ಸಿನ ಧೈರ್ಯದ ಮೇಲೆ, ಸಾವಕಾರರು ಊರಲ್ಲಿ ಇಲ್ಲದಾಗ ಯಂತ್ರ ಛಲೋ ಇರುತ್ತದೆ ಎಂದು ತಿಳಿಸಿದರು. ಸಾವಕಾರರು ಎದ್ದು ಹೋಗಿ ಕೋಣೆಯ ಬಾಗಿಲಿನಿಂದ ಯಂತ್ರವನ್ನು ನೋಡಿ ಬಂದರು. ಆಮೇಲೆ, ತಾವು ಕಾಲಿಟ್ಟ ಕಡೆ ಒಂದು ಎತ್ತು ಸೈತ ಮುಗ್ಗರಿಸಿಲ್ಲ ಎಂದರು. ದನಿ ಸಣ್ಣದಾಗಿತ್ತು.

ಆದರೆ ಅವರು ಹಟದ ಮನುಷ್ಯ. ಯಂತ್ರಕ್ಕೆ ಸುರಿದದ್ದು ದಂಡವಾಗಬಾರದು. ತಾವು ಇಲ್ಲದಿದ್ದರೆ ನಡೆಯುವುದಾದರೆ ತಾವೇ ಇರುವುದಿಲ್ಲ ಎಂದು ಮಾನ್ವಿಯಲ್ಲಿದ್ದ ತಮ್ಮ ಅಂಗಡಿಗೆ ಹೋಗಿ ಕೂತುಬಿಟ್ಟರು. ಹಗಲು ಬಂದು ಮಿಲ್ಲು ನೋಡಿ, ಬಿಸಿಲು ಇಳಿಯುವ ಮೊದಲು ಬಸ್ಸು ಹಿಡಿದು ಮಾನ್ವಿಗೆ ಹಿಂತಿರುಗುತ್ತಿದ್ದರು. ಸ್ವಂತ ಮಿಲ್ಲಿನಿಂದ ಸಂಜೆಯ ಹೊತ್ತು ಗಡೀಪಾರಾದ ಮಾಲೀಕರನ್ನು ನಾನು ಅವರೊಬ್ಬರನ್ನೇ ನೋಡಿದ್ದು.

ಅವರಿಲ್ಲದಾಗ ಆರತಿ ಇಲ್ಲ. ಆರತಿ ಅವರ ಕೈಯಿಂದಲೇ ಆಗಬೇಕು. ಮುನೀಮರು ಒಂದು ದೀಪ ಹಚ್ಚಿ ಕೈ ಮುಗಿದು ಟೊಪ್ಪಿಗೆ ಹಾಕಿಕೊಂಡು ಹೋಗುತ್ತಿದ್ದರು. ನಾನು ಯಂತ್ರದ ಮುಂದೆ ಕೂತು ಅದು ನೆಮ್ಮದಿಯಿಂದ ಮುಗಿಯುವುದನ್ನು ನೋಡಿ, ಸ್ವಿಚ್ ತೆಗೆದು, ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಯಂತ್ರಕ್ಕೂ ನನಗೂ ಅದು ಸುಖದ ಕಾಲ. ಯಂತ್ರ ಹೈದರಾಬಾದಿಗೆ ಹೋಗುವ ಮಾತು ನಿಂತಿತ್ತು, ನಾನು ದೇವದುರ್ಗಕ್ಕೆ ಹೋಗುವ ಮಾತೂ.

ಸಾವಕಾರರು ಪ್ರತಿ ಸಂಜೆ ಮಾನ್ವಿಯಿಂದ ಟ್ರಂಕ್ ಕಾಲ್ ಹಾಕಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಬಂದ್ ಆತೇನು? ಆತ್ರಿ ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಂದು ದಿನ ಲೈನು ಸರಿಯಿರಲಿಲ್ಲ, ಅವರ ಪ್ರಶ್ನೆ ನನಗೆ ಕೇಳಿಸಲೇ ಇಲ್ಲ. ಆಗ ನಡುವೆ ಎಕ್ಸ್‌ಚೇಂಜಿನ ಹೆಣ್ಣುಮಗಳ ದನಿ ಬಂತು.

“ಸಾವಕಾರ್ರ, ನೀವು ಇಲ್ಲೇ ಅದೀರಲ್ರಿ,” ಅಂದಳು. “ಅಲ್ಲಿ ಅದು ಯಾಕ ಬೀಳ್ತದ?”

೫. ಮೂಕ ಆರತಿ

ಮಹಾನವಮಿಗೆ ಮಾತ್ರ ಸಾವಕಾರರು ಸಂಜೆ ಇರಲೇಬೇಕಾಯಿತು. ಆಯುಧ ಪೂಜೆ ಬಿಡುವಂತಿಲ್ಲ. ಬಿದ್ದರೆ ಬೀಳಲಿ ಎಂದು ಬಂದರು. ಆ ದಿನ ಬೆಳಿಗ್ಗೆ ಹಿತ್ತಾಳೆಯ ಸಾಮಾನುಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಗಂಟೆಯ ನಾಲಿಗೆ ಕಳಚಿಬಿದ್ದಿತ್ತು. ಸಾವಕಾರರು ಗಂಟೆ ಇಲ್ಲದೆಯೇ ಆರತಿ ಎತ್ತಿದರು. ನಾವು ಚಪ್ಪಾಳೆ ತಟ್ಟಿದೆವು. ಯಂತ್ರ ಎಂದಿನಂತೆ ಹಿಂದೆ ಒಬ್ಬಂಟಿ.

ಬೆಳಿಗ್ಗೆ ಅದು ಬಿದ್ದಿರಲಿಲ್ಲ.

ಸಾವಕಾರರು ಊರಲ್ಲಿದ್ದಾರೆ, ಯಂತ್ರ ಬಿದ್ದಿಲ್ಲ. ಸುದ್ದಿ ಕೇಳಿ ಅವರು ಸ್ನಾನ ಅರ್ಧಕ್ಕೆ ಬಿಟ್ಟು ಬಂದರು. ಆ ದಿನ ಗಂಟೆಗೆ ನಾಲಿಗೆ ಹಾಕಿಸಿದರು. ಸಂಜೆ ಬಾರಿಸಿದರು. ಬೆಳಿಗ್ಗೆ ಬಿದ್ದಿತ್ತು. ಮರುದಿನ ಗಂಟೆ ಬಿಟ್ಟರು. ಬೀಳಲಿಲ್ಲ.

ಮುನೀಮರು ತೀರ್ಪು ಕೊಟ್ಟರು: ಯಂತ್ರ ಹೆದರುವುದು ಸಾವಕಾರರಿಗಲ್ಲ, ಗಂಟೆಗೆ. ಅದು ಸೂಕ್ಷ್ಮ ವಸ್ತು. ಗಂಟೆಯ ಸಪ್ಪಳ ತಗಡಿನ ಗೋಡೆಗೆ ಬಡಿದು ಅದರ ಎದೆ ಒಡೆಯುತ್ತದೆ. ಇಂಜಿನಿಯರಿಗೆ ಫೋನು ಮಾಡಿ ಕೇಳಿದೆವು. ಅವನು ಆ ಕಡೆಯಿಂದ, ಇರಬಹುದು ಎಂದ. ಅವನಿಗೂ ಈ ಊರಿನ ಗಾಡಿ ಹತ್ತಿ ಸಾಕಾಗಿತ್ತು.

ತಮ್ಮ ಮೇಲಿನ ಕಳಂಕ ಹೋಯಿತೆಂದು ಸಾವಕಾರರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾನ್ವಿಯಿಂದ ಹಾಸಿಗೆ ಕಟ್ಟಿಸಿಕೊಂಡು ಬಂದರು. ಅಂದಿನಿಂದ ನಮ್ಮಲ್ಲಿ ಮೂಕ ಆರತಿ. ಚಪ್ಪಾಳೆಯೂ ಬೇಡ ಎಂದು ತೀರ್ಮಾನವಾಯಿತು. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬರಬೇಕು. ಗ್ರಂಥಾಲಯದಲ್ಲಿದ್ದಂಥ ಶಾಂತಿ ಮಿಲ್ಲಿಗೂ ಬಂದು, ನನಗೆ ಎರಡು ಕಡೆಯೂ ಒಂದೇ ಅನ್ನಿಸತೊಡಗಿತು.

ಗಂಜಿನ ಪೇಟೆಯಲ್ಲೆಲ್ಲ ಸುದ್ದಿ ಹರಡಿತು. ನಮ್ಮ ಪಕ್ಕದ ಅಡತಿ ಅಂಗಡಿಯ ದಲ್ಲಾಳಿಗಳೂ ಕಂಪ್ಯೂಟರ್ ತರಿಸಬೇಕೆಂದಿದ್ದರು. ಯಂತ್ರಕ್ಕೆ ಮುಂಗಡ ಕೊಡುವುದಕ್ಕೆ ಮೊದಲೇ ಅವರು ತಮ್ಮ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದರು.

೬. ಹಿಡಿಕೆ

ಮಿಲ್ಲಿನ ಗೇಟಿನ ಪಕ್ಕದ ಕೋಣೆಯಲ್ಲಿ ವಾಚಮನ್ ಇರುತ್ತಿದ್ದರು. ಅದೇ ಅವರ ಮನೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ಗ್ರಂಥಾಲಯದಿಂದ ನನ್ನ ಕೋಣೆಗೆ ಹೋಗುವ ದಾರಿಯಲ್ಲಿ ಮಿಲ್ಲಿನ ಗೇಟು ಸಿಗುವುದಿಲ್ಲ. ಸಿಗುವ ಹಾಗೆ ನಾನು ಸುತ್ತು ಹಾಕಿ ಹೋಗುತ್ತಿದ್ದೆ. ಚಾಚಾ ಕಬ್ಬಿಣದ ಒಲೆಯ ಮೇಲೆ ಚಹಾ ಇಟ್ಟಿರುತ್ತಿದ್ದರು. ಕುಡಿಯುತ್ತಿದ್ದೆವು. ಅವರೂ ಮಾತಿನಲ್ಲಿ ನನ್ನ ಹಾಗೆಯೇ. ಇಬ್ಬರೂ ಸೇರಿ ಒಂದು ಸಂಜೆಗೆ ನಾಲ್ಕು ಮಾತು ಖರ್ಚು ಮಾಡಿದರೆ ಹೆಚ್ಚು.

ಅವರಿಗಿದ್ದ ಒಂದೇ ಭಯ ಬೆಂಕಿಯದು. ಹಿಂದೆ ಕವಿತಾಳದ ಕಡೆ ಒಂದು ಹತ್ತಿ ಗೋದಾಮು ಸುಟ್ಟದ್ದನ್ನು ಕಣ್ಣಾರೆ ಕಂಡವರು. ಹತ್ತಿಯ ಬೆಂಕಿ ಕಾಣುವುದಿಲ್ಲ. ಹೊಗೆ ಕೂಡ ಇಲ್ಲದೆ ಗಂಟಿನೊಳಗೆ ದಿನಗಟ್ಟಲೆ ಕೂತಿದ್ದು ಆಮೇಲೆ ಒಮ್ಮೆಲೇ ಎದ್ದು ನಿಲ್ಲುತ್ತದೆ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ಚಹಾ ಕೊಡುತ್ತ ಅವರು ತಾವಾಗಿಯೇ ಮಾತು ತೆಗೆದರು.

“ಗಂಟಿ ಇದ್ದಾಗ ಛಲೋ ಇತ್ತು ನೋಡ್ರಿ ಬಾಬು. ಗಂಟಿ ಕೇಳಿದ್ರ ಪೂಜಿ ಆತು, ಎಲ್ಲಾ ಮುಗೀತು ಅಂತ ಗೊತ್ತಾಗ್ತಿತ್ತು. ಆ ಘಳಿಗಿಗೇ ಗೋದಾಮಿನ ಹಿಡಿಕಿ ಇಳಸತಿದ್ದೆ. ಈಗ ಯಾವಾಗ ಮುಗೀತದೋ ಮಾಲೂಮೇ ಆಗಂಗಿಲ್ಲ. ನೀವೆಲ್ಲಾ ಗೇಟ್ ದಾಟೋತನಾ ಒಳಗ ಕರೆಂಟು ಇದ್ದೇ ಇರ್ತದ. ಅರಳಿ, ಹತ್ತಿ ತುಂಬಿದ ಗೋದಾಮು. ಜೀವಾ ಹೊಡಕೋತದ.”

ನಾನು ಚಹಾದ ಬಸಿ ಕೆಳಗಿಟ್ಟೆ. ಗಂಟೆ ಕೇಳಿದ ಕೂಡಲೇ ಇಳಿಸುತ್ತಿದ್ದಿರಾ ಎಂದು ಕೇಳಿದೆ. ಒಂದು ದಿನವೂ ತಪ್ಪಿಸಿಲ್ಲ ಎಂದರು, ಸ್ವಲ್ಪ ಹೆಮ್ಮೆಯಿಂದಲೇ. ಹೇಳಿದ್ದು ನಾನೇ: ಎಲ್ಲ ಮುಗಿದ ಮೇಲೆ ಇಳಿಸಿ ಎಂದು. ನಮ್ಮ ಮಿಲ್ಲಿನಲ್ಲಿ ಗಂಟೆ ಬಾರಿಸಿದರೆಂದರೆ ಎಲ್ಲ ಮುಗಿದಂತೆ. ಅದು ಸಾವಕಾರರ ತಂದೆಯ ಕಾಲದಿಂದ ಬಂದ ಪದ್ಧತಿ. ಮುಗಿಯದೆ ಉಳಿದಿರುತ್ತಿದ್ದುದು ಹಿಂದಿನ ಕೋಣೆಯ ಯಂತ್ರವೊಂದೇ. ಅದು ಲೆಕ್ಕದ ಗುಡ್ಡೆಯನ್ನು ಅರ್ಧ ಎತ್ತಿ ಒಳಗಿಡುತ್ತಿರುವಾಗ ಕರೆಂಟು ಹೋಗುತ್ತಿತ್ತು. ಸಾವಕಾರರು ಊರಲ್ಲಿಲ್ಲದ ದಿನ ಗಂಟೆಯಿಲ್ಲ, ಗಂಟೆಯಿಲ್ಲದ ದಿನ ಹಿಡಿಕೆ ಬೇಗ ಇಳಿಯುವುದಿಲ್ಲ. ಅಷ್ಟೇ.

ನಾನು ಚಹಾ ಅರ್ಧಕ್ಕೆ ಬಿಟ್ಟದ್ದನ್ನು ನೋಡಿ ಚಾಚಾ ಕನಿಕರದಿಂದ, ಆ ಮಶೀನು ಈಗಾದರೂ ಸುಧಾರಿಸಿದೆಯೇ ಎಂದು ವಿಚಾರಿಸಿದರು. ಅದು ಬಿದ್ದರೆ ನನ್ನನ್ನು ದೇವದುರ್ಗಕ್ಕೆ ಹಾಕುತ್ತಾರೆಂದು ಅವರಿಗೆ ಯಾರೋ ಹೇಳಿದ್ದರಂತೆ. ಹಾಗಾಗಿ ಪ್ರತಿ ಸಂಜೆ ಹಿಡಿಕೆ ಇಳಿಸಿದ ಮೇಲೆ, ಅಲ್ಲೇ ನಿಂತು, ಮಶೀನು ನೆಟ್ಟಗಾಗಲಿ ಎಂದು ದುವಾ ಮಾಡುತ್ತಿದ್ದರಂತೆ.

೭. ದಂಡ

ಮರುದಿನ ಸಾವಕಾರರಿಗೆ ಹೇಳಿದೆ. ಗಂಟೆ ಬಾರಿಸಬಹುದು, ಹಿಡಿಕೆಯನ್ನು ಸ್ವಲ್ಪ ತಡೆದು ಇಳಿಸಿದರೆ ಸಾಕು ಎಂದೆ. ಅವರಿಗೆ ಸಂತೋಷವಾಗುತ್ತದೆಂದು ತಿಳಿದಿದ್ದೆ. ಅವರು ಎಲೆಯಡಿಕೆಯ ಡಬ್ಬಿ ಮುಚ್ಚಿ ಪಕ್ಕಕ್ಕೆ ಸರಿಸಿದರು.

“ಮಾನ್ವಿಯೊಳಗ ಎಷ್ಟ್ ಸಂಜಿ ಕುಂತೀನಿ ನಾನು,” ಅಂದರು. “ಟೆಲಿಫೋನಿನ ಹುಡುಗಿಗೆ ಸೈತ ನನ್ನ ಕಥಿ ಗೊತ್ತದ. ಗಂಜಿನಾಗ ಗಂಟಿ ಬಿಡಿಸೀನಿ. ಈಗ ಹಿಡಿಕಿ ಅಂತೀರಿ. ಯಾರಿಗರ ದಂಡ ಹಾಕಲಿಲ್ಲಂದ್ರ ನಾ ಬಾಜಾರದಾಗ ಹ್ಯಾಂಗ ತಿರುಗಾಡ್ಲಿ?”

ವಾಚಮನ್‌ಗೆ ನಾಳೆಯಿಂದ ಬರಬೇಡ ಎಂದು ಹೇಳಿಬಿಡಿ ಎಂದರು. ಗೇಟಿನಲ್ಲೇ ಇರುವ ಮನುಷ್ಯನಿಗೆ ನಾಳೆಯಿಂದ ಬರಬೇಡ ಎಂದು ಹೇಗೆ ಹೇಳುವುದೆಂದು ನಾನು ನಿಂತೇ ಇದ್ದೆ. ಆಮೇಲೆ, ಎಲ್ಲ ಮುಗಿದ ಮೇಲೆ ಇಳಿಸು ಎಂದು ಹೇಳಿದವನು ನಾನು, ದಂಡ ಹಾಕುವುದಾದರೆ ನನಗೆ ಹಾಕಿ ಎಂದೆ. ನಾನು ಅಷ್ಟು ಉದ್ದ ಮಾತಾಡಿದ್ದನ್ನು ಅವರು ಹಿಂದೆ ಕೇಳಿರಲಿಲ್ಲ. ಒಪ್ಪಿಕೊಂಡರು. ಏನು ದಂಡವೆಂದು ಚಾಚಾನಿಗೆ ಗೊತ್ತಾಗಬಾರದೆಂದು ಮುನೀಮರಲ್ಲಿ ಕೇಳಿಕೊಂಡೆ.

ದೀಪಾವಳಿಗೆ ಯಂತ್ರದ ಮುಂದೆ ಪೂಜೆ ಭರ್ಜರಿಯಾಗಿ ಆಯಿತಂತೆ. ಮೂಕನಾಗಿದ್ದ ಗಂಟೆಯ ಬಾಕಿಯನ್ನೆಲ್ಲ ಸಾವಕಾರರು ಒಂದೇ ಸಂಜೆ ಬಾರಿಸಿ ತೀರಿಸಿದರಂತೆ. ಈಗ ಯಂತ್ರದ ಮುಂದೆ ಕೂಡುವವರು ಮುನೀಮರು. ತಂಪು ಕೋಣೆ ಹಿಡಿಸಿದೆ. ಏಸಿ ಬಿಟ್ಟು ಮನೆಗೆ ಹೋಗಲು ಒಲ್ಲೆ ಎನ್ನುತ್ತಾರಂತೆ.

ಹತ್ತಿಯ ಕಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮಿಲ್ಲಿನ ಲಾರಿ ದೇವದುರ್ಗಕ್ಕೆ ಬಂತು. ಕೊನೆಯ ಹತ್ತಿ ತುಂಬಿಸಿಕೊಂಡು ಹೋಗುವಾಗ ಮೇಲೆ ಯಾರೂ ಬೀಡಿ ಸೇದದಂತೆ ಕಾಯಲು ಚಾಚಾನನ್ನು ಜೊತೆಗೆ ಕಳಿಸಿದ್ದರು. ಲಾರಿ ತುಂಬುವವರೆಗೆ ಅವರು ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತರು. ಹತ್ತಿ ಖರೀದಿಯ ಕಾಲಕ್ಕಷ್ಟೇ ನಾನು ಇಲ್ಲಿಗೆ ಬಂದಿದ್ದೇನೆಂದು ಅವರು ತಿಳಿದಿದ್ದರು. ಸ್ಟೋವ್ ಹಚ್ಚಿ ಈ ಸಲ ನಾನು ಚಹಾ ಮಾಡಿದೆ. ಸಕ್ಕರೆ ಹೆಚ್ಚಾಗಿತ್ತು. ಬಹಳ ದಿನದಿಂದ ಇಬ್ಬರಿಗೆ ಮಾಡಿ ಗೊತ್ತಿರಲಿಲ್ಲ.

ಚಾಚಾ ಚಹಾ ಕುಡಿದು ಬಸಿ ಕೆಳಗಿಟ್ಟು, ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬ್ಯಾಡ್ರಿ ಎಂದರು. ಹಿಡಿಕೆಯ ವಿಷಯಕ್ಕೆ ದಂಡ ಬಿತ್ತೆಂದು ಮಿಲ್ಲಿನಲ್ಲೆಲ್ಲ ಮಾತಿತ್ತಂತೆ. ಈ ತಿಂಗಳ ಪಗಾರದಲ್ಲಿ ಕಡಿಯುತ್ತಾರೆ, ಬರುವ ತಿಂಗಳು ಕಡಿಯುತ್ತಾರೆ ಎಂದು ಅವರು ಕಾದರಂತೆ. ಕಡಿಯಲಿಲ್ಲ. ಮುನೀಮರನ್ನು ಹಿಡಿದು ಕೇಳಿದರೆ, ಬಾಬು ಕಟ್ಟಿ ಮುಗಿಸಿದ್ದಾರೆ ಎಂದಷ್ಟೇ ಹೇಳಿ ಒಳಗೆ ಹೋದರಂತೆ.

“ಎಷ್ಟ್ ಕಟ್ಟಿದ್ರಿ?”

“ರೊಕ್ಕ ಅಲ್ಲ ಚಾಚಾ.”

“ಮತ್ತೇನು?”

“ರಾಯಚೂರು,” ಅಂದೆ.

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಲೆ ತಿರುಗಿಸಿ ಅಂಗಡಿಯ ಒಳಗೆ ನೋಡಿದರು. ತಕ್ಕಡಿ ನೋಡಿದರು, ಮೂಲೆಯ ಹಾಸಿಗೆ ನೋಡಿದರು, ಬಿಸಿಲಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಪೂರಾ ರಾಯಚೂರು ಕೊಟ್ರೇನ್ರಿ ಬಾಬು,” ಅಂದರು. “ಕೊಟ್ಟಿದ್ದಕ್ಕ ಚಿಲ್ಲರ ಅಂತ ಸಾವಕಾರ್ರು ಇದನ್ನ ವಾಪಸ್ ಕೊಟ್ರಾ?”